ಲಿಫ್ಟಿನ ಗದ್ದಲವೂ ಬೇಕು

ಡೊಂಬಿವಲಿ ಪೂರ್ವ. ಶೇರ್ ರಿಕ್ಷಾದವರು ಕೊನೆಯ ಸವಾರಿಯನ್ನು ಇಳಿಸುವ ಗಲ್ಲಿಯಲ್ಲೊಂದು ಹಳೇ ಕಟ್ಟಡ, ಮೂರನೇ ಮಹಡಿ. ಮಳೆಗಾಲದ ಭಾನುವಾರ. ಬಾಲ್ಕನಿಯ ಬಟ್ಟೆ ಹಗ್ಗಗಳ ಜೊತೆಗೆ ತಾಮ್ರದ ತಂತಿಯೊಂದು ಟೆರೇಸಿನ ನೀರಿನ ಟಾಂಕಿಯತನಕ ಹೋಗಿದೆ. ಅದು ಬಟ್ಟೆ ಒಣಗಿಸಲು ಕಟ್ಟಿದ್ದಲ್ಲ, ಆಂಟೆನಾ ಎಂದು ಸೊಸೈಟಿಯ ಸೆಕ್ರೆಟರಿಗೆ ಗೊತ್ತಾಗಿ ವರ್ಷಗಳಾದವು. ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಮಾತಾಡುವವರು ಇಬ್ಬರು. ಒಬ್ಬರು ಎಂಐಡಿಸಿಯಲ್ಲಿ ವಯರ್‌ಲೆಸ್ ಸೆಟ್ ರಿಪೇರಿ ಮಾಡಿ ನಿವೃತ್ತರಾದ ಕುಂದಾಪುರ ಕಡೆಯ ಹಿರಿಯರು, ಲೈಸೆನ್ಸ್ ಪಡೆದ ಹ್ಯಾಮ್, ಎಂದರೆ ಹವ್ಯಾಸಿ ರೇಡಿಯೋದವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಘನಸೋಲಿಯಲ್ಲಿ ಮನೆ, ಮಹಾಪೆಯಲ್ಲಿ ಕೆಲಸ. ಠಾಣೆಯಲ್ಲಿ ಗಾಡಿ ಬದಲಿಸಿ ಬಂದಿದ್ದಾಳೆ, ಬ್ಯಾಗಿನಲ್ಲಿ ಬೋರ್ಡು. ನಾನು ಚಹಾಕ್ಕೆಂದು ಹೋದವನು. ಕೇಳಿದ್ದನ್ನು ಬರೆದುಕೊಂಡೆ, ತಿಳಿಯದ್ದನ್ನು ತಿಳಿದಷ್ಟೇ.

— ಇದೇನಾ ನಿನ್ನ ಯಂತ್ರ? ಬಿಸ್ಕಿಟ್ ಪೊಟ್ಟಣದಷ್ಟು ಕೂಡ ಇಲ್ಲವಲ್ಲ ಮಾರಾಯ್ತಿ.

— ಬರೀ ಬೋರ್ಡು ಚಿಕ್ಕಪ್ಪ, ಎಸ್‌ಟಿಎಂ32ಎಫ್4 ಡಿಸ್ಕವರಿ. ಇದೇ ಜಾತಿಯ ಚಿಪ್ಪು ಹಾಕಿ 2014ರಲ್ಲಿ ಎಸ್‌ಎಂ1000 ಅನ್ನೋ ಡಬ್ಬಿ ಬಂತು. ಡಬ್ಬಿಯ ಒಂದು ಬದಿಗೆ ಮೈಕು, ಇನ್ನೊಂದು ಬದಿಗೆ ನಿಮ್ಮ ಎಸ್‌ಎಸ್‌ಬಿ ರೇಡಿಯೋ. ನಡುವೆ ಕಂಪ್ಯೂಟರ್ ಬೇಡ. ಮಾತನ್ನು ಬಿಟ್ಟು ಮಾಡಿ, ಆ ಬಿಟ್ಟುಗಳನ್ನು ಮತ್ತೆ ಸದ್ದು ಮಾಡಿ ಗಾಳಿಗೆ ಬಿಡುತ್ತೆ.

— ಸದ್ದನ್ನು ಬಿಟ್ಟು ಮಾಡುದು, ಬಿಟ್ಟನ್ನು ಸದ್ದು ಮಾಡುದು. ಅಕ್ಕಿ ಕೊಟ್ಟು ಭತ್ತ ತಂದ ಹಾಗಾಯ್ತು.

— ಮೊದಲನೇ ಸದ್ದು ಮಾತು, ಎರಡನೇದು ಮೋಡೆಮ್ಮಿನ ಸ್ವರಗಳು. ಲ್ಯಾಂಡ್‌ಲೈನ್ ಫೋನು ಒಂದು ಸೆಕೆಂಡಿನ ಮಾತಿಗೆ 64,000 ಬಿಟ್ ತಗೋತಿತ್ತು. ಇಲ್ಲಿ 700. ತೊಂಬತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಕಡಿಮೆ ಆದ್ದರಿಂದಲೇ ಶಾರ್ಟ್‌ವೇವ್‌ನಲ್ಲಿ, ಗದ್ದಲ ಸಿಗ್ನಲ್ಲಿಗಿಂತ ಜಾಸ್ತಿ ಇದ್ದಾಗಲೂ ಮಾತು ದಾಟಿಸಬಹುದು. 700ಡಿ ಅನ್ನೋ ಈ ಮೋಡ್ ಮೈನಸ್ ಎರಡು ಡೆಸಿಬೆಲ್‌ನಲ್ಲೂ ನಡೆಯುತ್ತೆ.

— ನಮ್ಮವರ ಕೈಯಲ್ಲಿ ಡಿಜಿಟಲ್ ಹ್ಯಾಂಡ್‌ಸೆಟ್ ಈಗಾಗಲೇ ಉಂಟಲ್ಲ. ಡಿಎಂಆರ್, ಡಿ-ಸ್ಟಾರ್. ಅದನ್ನೇ ತಗೊಳ್ಳಬಾರದಾ?

— ಅವು ವಿಎಚ್‌ಎಫ್‌ಗೆ. ಶಾರ್ಟ್‌ವೇವ್‌ಗಲ್ಲ. ಮತ್ತೆ ಅದರೊಳಗೆ ಮಾತನ್ನು ಹಿಂಡೋ ಆಂಬೆ ಅನ್ನೋ ಕೊಡೆಕ್ ಒಂದು ಕಂಪನಿಯ ಸೊತ್ತು. ಒಳಗೇನಿದೆ ಅಂತ ನೀವು ತೆರೆದು ನೋಡೋ ಹಾಗಿಲ್ಲ. ಹ್ಯಾಮ್ ರೇಡಿಯೋ ಇರೋದೇ ತೆರೆದು ನೋಡೋದಕ್ಕೆ ಅಂತ ಹಠ ಹಿಡಿದ ಕೆಲವರಲ್ಲಿ ಅಡಿಲೇಡಿನ ಡೇವಿಡ್ ರೋ ಒಬ್ಬರು. ಅವರು ಕೊಡೆಕ್2 ಬರೆದು ಎಲ್ಲರಿಗೂ ಬಿಟ್ಟರು. ಅದರ ಮೇಲೆ ಫ್ರೀಡಿವಿ ಅಂತ ರೇಡಿಯೋ ಪದ್ಧತಿ ಬೆಳೀತು. 700ಡಿ ಬಂದದ್ದು 2018ರಲ್ಲಿ. ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು. ಇಂಥ ಚಿಪ್ಪಿನಲ್ಲಿ ಓಡಿಸೋದೇ ಕಷ್ಟ.

— ಮೊದಲು ಆ ಮೋಡೆಮ್ ಎಂತ ಮಾಡ್ತದೆ ಹೇಳು. ನನಗೆ ಗೊತ್ತಿರುವ ಮೋಡೆಮ್ಮು ಟೆಲಿಫೋನಿಗೆ ಸಿಕ್ಕಿಸಿದರೆ ಕಿಂಯ್ ಅಂತ ಕೂಗುವಂಥದ್ದು.

— ಚಿಕ್ಕಮ್ಮ ಬಾಗಿಲೆದುರು ಚುಕ್ಕಿ ರಂಗೋಲಿ ಹಾಕ್ತಾರಲ್ಲ, ಹಾಗೇ. ಅಡ್ಡಕ್ಕೆ 17 ಚುಕ್ಕಿ, ಅಂದ್ರೆ 17 ಸ್ವರಗಳು ಒಟ್ಟಿಗೆ. ಉದ್ದಕ್ಕೆ 8 ಸಾಲು, ಒಂದೊಂದು ಸಾಲಿಗೆ 20 ಮಿಲಿಸೆಕೆಂಡು. ಇಡೀ ರಂಗೋಲಿ ಮುಗಿಯೋಕೆ 160 ಮಿಲಿಸೆಕೆಂಡು. ಪ್ರತಿ ಚುಕ್ಕಿಯನ್ನೂ ನಾಲ್ಕರಲ್ಲಿ ಒಂದು ದಿಕ್ಕಿಗೆ ತಿರುಗಿಸಿ ಇಡ್ತೀವಿ. ನಾಲ್ಕು ದಿಕ್ಕು ಅಂದ್ರೆ ಎರಡು ಬಿಟ್ಟು. ಮೊದಲನೇ ಸಾಲು ಮಾತ್ರ ಎರಡೂ ಕಡೆಯವರಿಗೆ ಮೊದಲೇ ಗೊತ್ತಿರೋ ಚುಕ್ಕಿಗಳು, ಪೈಲಟ್ ಅಂತಾರೆ. ದಾರಿಯಲ್ಲಿ ಆಕಾಶ ಎಲ್ಲವನ್ನೂ ಓರೆ ಮಾಡಿರುತ್ತೆ. ಗೊತ್ತಿರೋ ಸಾಲು ಎಷ್ಟು ಓರೆಯಾಗಿದೆ ಅಂತ ನೋಡಿ ಉಳಿದ ಸಾಲುಗಳನ್ನು ನೇರ ಮಾಡಿಕೊಳ್ಳೋದು.

— ಲೆಕ್ಕ ಹಾಕು. ಉಳಿದದ್ದು ಏಳು ಸಾಲು. ಹದಿನೇಳೇಳು ನೂರಾ ಹತ್ತೊಂಬತ್ತು. ಎರಡರಿಂದ ಗುಣಿಸಿದರೆ 238 ಬಿಟ್ಟು.

— ಹೌದು. ಅದರಲ್ಲಿ 224 ಮಾತಿಗೆ. ಆ 224ರಲ್ಲೂ ನಿಜವಾದ ಮಾತು 112 ಮಾತ್ರ, ಉಳಿದರ್ಧ ತಪ್ಪು ತಿದ್ದೋದಕ್ಕೆ. ಮಿಕ್ಕಿದ 14 ಬಿಟ್ಟು, ರಂಗೋಲಿ ಇಲ್ಲಿಂದ ಶುರು ಅಂತ ಗುರುತು ಹಿಡಿಯೋದಕ್ಕೆ ಮತ್ತೆ ಕಾಲ್‌ಸೈನ್ ಥರದ ಚೂರುಪಾರು ಬರಹಕ್ಕೆ.

(ಇಲ್ಲಿ ಹಿರಿಯರು ಕ್ಯಾಲೆಂಡರಿನ ಹಿಂಬದಿಯಲ್ಲಿ ಚುಕ್ಕಿ ಇಟ್ಟು ಎಣಿಸಿದರು. ಲೆಕ್ಕ ತಾಳೆಯಾಗದೆ ಮುಂದಿನ ಮಾತಿಗೆ ಬರುವವರಲ್ಲ.)

— ಸರಿ. ಈಗ ಕಷ್ಟ ಎಲ್ಲುಂಟು?

— ಸಮಯದಲ್ಲಿ. ಒಂದು ರಂಗೋಲಿಯನ್ನು ಬಿಡಿಸಿ ಓದಿ, ತಪ್ಪು ತಿದ್ದಿ, ಮಾತು ಮಾಡಿ ಕಿವಿಗೆ ಕೊಡೋಷ್ಟರಲ್ಲಿ ಮುಂದಿನದು ಬಂದು ನಿಂತಿರುತ್ತೆ. ಚಿಪ್ಪಿನ ಗಡಿಯಾರ 168 ಮೆಗಾಹರ್ಟ್ಸ್. 160 ಮಿಲಿಸೆಕೆಂಡಿಗೆ 2 ಕೋಟಿ 68 ಲಕ್ಷ 80 ಸಾವಿರ ಬಡಿತ. ಕೇಳೋಕೆ ಸಿರಿತನ. ನಾನು ಲ್ಯಾಪ್‌ಟಾಪಿನ ಕೋಡನ್ನು ಹಾಗೇ ತಂದು ಹಾಕಿದ ದಿನ ಅಷ್ಟೂ ಖರ್ಚಾಗಿ ಸಾಲ ಬೇರೆ ಆಯ್ತು. ಮಾತು ಬಿಕ್ಕಳಿಸ್ತಿತ್ತು.

— ಅದಕ್ಕೆ ಕತ್ತರಿ ಹಾಕಿದಿ.

— ಹಾಕಿದೆ. ಮೊದಲನೇ ಕಳ್ಳ ಎಲ್ಲಿ ಸಿಕ್ಕಿದ ಗೊತ್ತಾ? ಒಂದು ಅಕ್ಷರದಲ್ಲಿ. ಸಿ ಭಾಷೆಯಲ್ಲಿ ಅರ್ಧ ಅಂತ ಬರೀಬೇಕಾದ್ರೆ ಸೊನ್ನೆ ಪಾಯಿಂಟ್ ಐದು ಅಂತ ಬರೆದು ಸುಮ್ಮನಾದರೆ ಅದು ‘ಡಬಲ್’ ಆಗುತ್ತೆ, ದೊಡ್ಡ ಅಂಕಿ. ಕೊನೆಗೊಂದು ‘ಎಫ್’ ಸೇರಿಸಿದರೆ ಚಿಕ್ಕ ಅಂಕಿ. ಈ ಚಿಪ್ಪಿನ ಗಣಿತದ ಯಂತ್ರಕ್ಕೆ ಚಿಕ್ಕ ಅಂಕಿ ಮಾತ್ರ ಬರುತ್ತೆ. ದೊಡ್ಡದು ಬಂದರೆ ಯಂತ್ರ ಕೈ ಎತ್ತುತ್ತೆ, ಸಾಫ್ಟ್‌ವೇರ್ ಕೂತು ಬೆರಳು ಮಡಚಿ ಲೆಕ್ಕ ಮಾಡಬೇಕು. ಒಂದು ಗುಣಾಕಾರಕ್ಕೆ ಹತ್ತಾರು ಪಟ್ಟು ಸಮಯ. ತಪ್ಪು ಉತ್ತರ ಬರೋದಿಲ್ಲ, ಅದೇ ಮೋಸ. ಉತ್ತರ ಸರಿ, ತಡ ಅಷ್ಟೇ.

— ಹುಡುಕಿದ್ದು ಹೇಗೆ?

— ಸಂಶಯದ ಜಾಗಗಳಲ್ಲಿ ಗಡಿಯಾರದ ಬಡಿತ ಎಣಿಸೋ ಕೌಂಟರ್ ಓದಿಕೊಂಡೆ, ಚಿಪ್ಪಿನಲ್ಲೇ ಇರುತ್ತೆ. ಆಮೇಲೆ, ಚಿಕ್ಕದು ದೊಡ್ಡದಾದ ಕಡೆಯೆಲ್ಲ ಕೂಗು ಅಂತ ಕಂಪೈಲರಿಗೂ ಹೇಳಿಟ್ಟೆ. ಪುಟಗಟ್ಟಲೆ ಕೂಗಿತು.

— ಅಷ್ಟೇ ಆದರೆ ನೀನು ಭಾನುವಾರ ಇಷ್ಟು ದೂರ ಬರ್ತಿರಲಿಲ್ಲ.

— ಇಲ್ಲ. ನೋಡಿ ಚಿಕ್ಕಪ್ಪ, ನೀವು ಠಾಣೆಯಿಂದ ಬರೋವಾಗ ಫಾಸ್ಟ್ ಹಿಡಿದ್ರಿ ಅಂತಿಟ್ಟುಕೊಳ್ಳಿ. ಡೊಂಬಿವಲಿಗೆ ಬೇಗ ಬರ್ತೀರಿ. ಯಾಕೆ ಬೇಗ? ಕೋಪರ್‌ನಲ್ಲಿ ನಿಲ್ಲೋದಿಲ್ಲ. ನಿಮಗೆ ಕೋಪರ್ ಬೇಡದಿದ್ರೆ ಲಾಭ. ಗಾಡಿಯಲ್ಲಿ ಒಬ್ಬ ಕೋಪರಿನವನು ಇದ್ದರೆ? ಕೋಡನ್ನು ವೇಗ ಮಾಡೋದು ಅಂದ್ರೆ ಸ್ಟೇಶನ್ ಬಿಡೋದು. ಯಾವ ಸ್ಟೇಶನ್ನಿನಲ್ಲಿ ಯಾರೂ ಇಳಿಯೋದಿಲ್ಲ ಅಂತ ತೋರಿಸಬೇಕಲ್ಲ. ನನ್ನ ಕೆಲಸದ ಮುಕ್ಕಾಲು ಪಾಲು ಅದೇ, ವೇಗ ಮಾಡಿದ್ದಲ್ಲ. ಕಂಪೈಲರಿಗೆ ‘ಫಾಸ್ಟ್ ಮ್ಯಾತ್’ ಅಂತ ಒಂದು ಅಪ್ಪಣೆ ಕೊಡಬಹುದು. ಲೆಕ್ಕದಲ್ಲಿ ಅಸಂಬದ್ಧ ಅಂಕಿ ಹುಟ್ಟೋದೇ ಇಲ್ಲ ಅಂತ ಅದು ನಂಬಿಬಿಡುತ್ತೆ. ನಾವು ಅಂಥ ಅಂಕಿ ಬಂದರೆ ತಡಿ ಅಂತ ಒಂದು ಸಾಲು ಕಾವಲು ಹಾಕಿರ್ತೀವಲ್ಲ, ಆ ಕಾವಲುಗಾರನನ್ನು ಕೆಲಸವಿಲ್ಲ ಅಂತ ಮನೆಗೆ ಕಳಿಸುತ್ತೆ. ಯಾರಿಗೂ ಹೇಳೋದಿಲ್ಲ.

— ಹಾಗಾದರೆ ಪರೀಕ್ಷೆ ಹೇಗೆ? ನಮ್ಮ ಕಾಲದಲ್ಲಿ ಒಂದು ಒಳ್ಳೇ ಸೆಟ್ಟು ಪಕ್ಕದಲ್ಲಿ ಇಟ್ಟುಕೊಂಡು ಎರಡರ ಪಾಯಿಂಟನ್ನೂ ಮೀಟರಿನಲ್ಲಿ ನೋಡ್ತಿದ್ದೆವು. ಎಲ್ಲಿ ಬೇರೆ ಆಯ್ತೋ ಅದರ ಹಿಂದೆ ರೋಗ.

— ಅದನ್ನೇ ಈಗಲೂ ಮಾಡೋದು! ಲ್ಯಾಪ್‌ಟಾಪಿನ ನಿಧಾನದ ಕೋಡು ನಮ್ಮ ಒಳ್ಳೇ ಸೆಟ್ಟು. ಒಂದೇ ಫೈಲನ್ನು ಎರಡಕ್ಕೂ ಉಣಿಸೋದು, ಪ್ರತಿ ಹಂತದಲ್ಲೂ ಬಂದದ್ದನ್ನು ಹೋಲಿಸೋದು. ಕೊಡೆಕ್2 ಬರೆದವರ ಪರೀಕ್ಷೆಗಳೂ ಹಾಗೇ ಇವೆ. ಈ ಬೋರ್ಡಿಗೆ ಡಿಸ್ಕ್ ಇಲ್ಲ, ಅದಕ್ಕೆ ಯುಎಸ್‌ಬಿ ತಂತಿಯ ಆಚೆ ಇರೋ ನನ್ನ ಲ್ಯಾಪ್‌ಟಾಪಿನ ಫೈಲನ್ನೇ ಡಿಬಗ್ಗರ್ ಮೂಲಕ ಓದುತ್ತೆ. ಸೆಮಿಹೋಸ್ಟಿಂಗ್ ಅಂತಾರೆ. ಪ್ರತಿ ಓದಿಗೂ ಚಿಪ್ಪು ನಿಂತು ಕಾಯುತ್ತೆ. ನಿಮಿಷದ ಆಡಿಯೋ ಮುಗಿಯೋಷ್ಟರಲ್ಲಿ ಅನ್ನ ಸಾರು ಎರಡೂ ಆಗಿರುತ್ತೆ.

— ಎರಡರದ್ದೂ ಒಂದೇ ಬರಬೇಕು. ಬಂತಾ?

— ಬರಲ್ಲ! ನನಗೆ ನಿದ್ದೆ ಕೆಡಿಸಿದ್ದೇ ಅದು. ದಶಾಂಶದ ಅಂಕಿಗಳನ್ನು ಕೂಡಿಸೋ ಕ್ರಮ ಬದಲಾದರೆ ಕೊನೆಯ ಸ್ಥಾನದಲ್ಲಿ ಕೂದಲೆಳೆ ವ್ಯತ್ಯಾಸ. ಇಂಟೆಲ್ ಒಂದು ಥರ, ಇದು ಒಂದು ಥರ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಎಲ್ಲ ಪರೀಕ್ಷೆಯೂ ಫೇಲು. ಸ್ವಲ್ಪ ಸಡಿಲ ಬಿಡಬೇಕು. ಎಷ್ಟು ಸಡಿಲ? ನಾನು ಧಾರಾಳವಾಗಿ ಬಿಟ್ಟೆ. ಎಲ್ಲ ಪಾಸು. ಖುಷಿಯಾಯ್ತು. ಎರಡು ದಿನ ಆದ ಮೇಲೆ ಸಂಶಯ ಬಂದು, ಬೇಕಂತಲೇ ಕೋಡಿನಲ್ಲಿ ಒಂದು ಪ್ಲಸ್ಸನ್ನು ಮೈನಸ್ ಮಾಡಿ ಓಡಿಸಿದೆ. ಆಗಲೂ ಪಾಸು.

— ಅಯ್ಯೋ ರಾಮಾ.

— ತಕ್ಕಡಿಗೆ ಕಲ್ಲು ಹಾಕಿದ್ರೂ ಅಕ್ಕಿ ಹಾಕಿದ್ರೂ ಮುಳ್ಳು ನಡುವೆಯೇ. ಆಮೇಲೆ ಬುದ್ಧಿ ಬಂತು. ನಡುವಿನ ಅಂಕಿಗಳಿಗೆ ಬಿಗಿಯಾದ ಮಿತಿ ಇಟ್ಟೆ. ಕೊನೆಗೆ ನೋಡೋದು ಮಾತ್ರ ತಪ್ಪಿದ ಬಿಟ್ಟುಗಳ ಎಣಿಕೆಯನ್ನು. ಗೊತ್ತಿರೋ ಬಿಟ್ಟುಗಳನ್ನೇ ಕಳಿಸಿ, ಒಂದೇ ಗದ್ದಲದ ಫೈಲು ಬೆರೆಸಿ, ಲ್ಯಾಪ್‌ಟಾಪಿನಲ್ಲಿ ಎಷ್ಟು ತಪ್ಪು, ಬೋರ್ಡಿನಲ್ಲಿ ಎಷ್ಟು ತಪ್ಪು. ಅದು ಹೆಚ್ಚೂಕಡಿಮೆ ಒಂದೇ ಇರಬೇಕು. ಮತ್ತೆ, ಪ್ರತಿ ಪರೀಕ್ಷೆಗೂ ಒಂದು ಕೆಡಿಸಿದ ಕೋಡು ಇಟ್ಟುಕೊಂಡಿದ್ದೀನಿ. ಅದು ಫೇಲಾಗದಿದ್ದರೆ ಪರೀಕ್ಷೆಯೇ ಫೇಲು.

ಹಿರಿಯರು ತಲೆಯಾಡಿಸಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಹಳೇ ಹೆಡ್‌ಫೋನ್, ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತಿನಲ್ಲಿ ಕೊಂಡದ್ದಂತೆ. ಬೋರ್ಡಿಗೆ ಸಿಕ್ಕಿಸಿ ಮೈಕಿನಲ್ಲಿ ಏನೋ ಹೇಳಿದರು. ಕೇಳಿಸಿತೇ ಎಂದು ಹುಡುಗಿ ಹುಬ್ಬು ಹಾರಿಸಿದಳು.

— ಕೇಳ್ತದೆ. ಮೂಗು ಕಟ್ಟಿದ ಭಟ್ಟರು ಮಂತ್ರ ಹೇಳಿದ ಹಾಗೆ.

— ಹೋದ ವಾರ ಅದೂ ಕೇಳ್ತಿರಲಿಲ್ಲ. ಫೈಲಿನ ಪರೀಕ್ಷೆಗಳೆಲ್ಲ ಪಾಸಾಗಿ, ನಿಜವಾದ ಮೈಕು ಸಿಕ್ಕಿಸಿದರೆ ಬೋರ್ಡು ಮೂಕ. ಒಂದು ಚಿಟಿಕೆ ಸದ್ದಿಲ್ಲ. ಎರಡು ರಾತ್ರಿ ಹೋಯ್ತು.

— ತಂತಿ ನೋಡಿದಿಯಾ?

— ಎಲ್ಲರೂ ಅದನ್ನೇ ಕೇಳೋದು. ತಂತಿ ಸರಿ ಇತ್ತು. ಚಿಪ್ಪಿನೊಳಗೆ ಮೆಮೊರಿ 192 ಕಿಲೋಬೈಟು. ಒಂದೇ ಕೋಣೆ ಅಲ್ಲ. 112, 16, ಮತ್ತೆ ಬೇರೆಯೇ ಒಂದು 64. ಆ 64 ಪ್ರೊಸೆಸರಿಗೆ ನೇರ ಅಂಟಿಕೊಂಡದ್ದು, ನಮ್ಮ ಒನ್ ಬಿಎಚ್‌ಕೆಯ ಅಟ್ಟ ಇದ್ದ ಹಾಗೆ. ಜಾಗ ಸಾಲದೆ ನಾನು ಕೆಲವು ಸಾಮಾನು ಅಟ್ಟಕ್ಕೆ ಹಾಕಿದೆ. ಅದರಲ್ಲಿ ಮೈಕಿನ ಸದ್ದು ಬಂದು ಬೀಳೋ ಬುಟ್ಟಿಯೂ ಸೇರಿ ಹೋಯ್ತು.

— ಹೋದರೇನು? ಪ್ರೊಸೆಸರ್ ಅಟ್ಟ ಹತ್ತಿ ತಗೊಳ್ತದೆ.

— ಪ್ರೊಸೆಸರ್ ಹತ್ತುತ್ತೆ. ಆದ್ರೆ ಸದ್ದನ್ನು ತಂದು ಹಾಕೋದು ಪ್ರೊಸೆಸರ್ ಅಲ್ಲ, ಡಿಎಂಎ. ಬೆಳಿಗ್ಗೆ ಹಾಲಿನವನು ಬೆಲ್ ಮಾಡದೆ ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಪ್ಯಾಕೆಟ್ ಹಾಕಿ ಹೋಗ್ತಾನಲ್ಲ, ಅವನೇ. ಮನೆಯವರನ್ನು ಎಬ್ಬಿಸೋದಿಲ್ಲ, ಅದಕ್ಕೇ ಅವನು ಬೇಕು. ನಾನು ಚೀಲವನ್ನು ಅಟ್ಟದಲ್ಲಿ ತೂಗುಹಾಕಿದೆ. ಅವನಿಗೆ ಅಟ್ಟಕ್ಕೆ ದಾರಿಯೇ ಇಲ್ಲ, ಈ ಚಿಪ್ಪಿನಲ್ಲಿ ಡಿಎಂಎಯಿಂದ ಆ 64ಕ್ಕೆ ರಸ್ತೆ ಹಾಕಿಲ್ಲ. ಬಂದ, ಚೀಲ ಕಾಣಲಿಲ್ಲ, ಹೋದ. ಮತ್ತೆ ಬರಲೇ ಇಲ್ಲ.

— ಮತ್ತೆ ಪರೀಕ್ಷೆಯಲ್ಲಿ ಯಾಕೆ ಸಿಕ್ಕಿ ಬೀಳಲಿಲ್ಲ?

— ಪರೀಕ್ಷೆಯಲ್ಲಿ ಸದ್ದು ಫೈಲಿನಿಂದ ಬರ್ತಿತ್ತಲ್ಲ. ಹಾಲಿನವನಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಪ್ರೊಸೆಸರ್ ತಾನೇ ಅಂಗಡಿಗೆ ಹೋಗಿ ತರ್ತಿತ್ತು.

(ನನಗೆ ಇಡೀ ಸಂಜೆಯಲ್ಲಿ ಪೂರ್ತಿ ಅರ್ಥವಾದದ್ದು ಇದೊಂದು. ಪರೀಕ್ಷೆ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತ್ತು. ಸರಕಾರಿ ಕಚೇರಿಯ ಕಿಟಕಿಯಲ್ಲೂ ನಾನು ಅಂಥ ಉತ್ತರ ಪಡೆದಿದ್ದೇನೆ.)

— ಈಗ ನಾನೊಂದು ಪರೀಕ್ಷೆ ಮಾಡ್ತೇನೆ. ನೀನು ಹೆಡ್‌ಫೋನ್ ಹಾಕಿಕೋ. ನಾನು ಒಳಗಿನ ಕೋಣೆಯಿಂದ ಹೇಳ್ತೇನೆ, ನೀನು ಬರಿ. ... ಎಂತ ಬರೆದಿ?

— ‘ಹಾಲು ಹಾಲಾಯಿತು, ಬೆಳೆಯ ಬೆಳೆ ಏರಿತು.’

— ನಾನು ಹೇಳಿದ್ದು ಹಾಲು ಹಾಳಾಯಿತು, ಬೆಳೆಯ ಬೆಲೆ ಏರಿತು. ನೋಡಿದಿಯಾ? ನಿನ್ನ ಮೋಡೆಮ್ಮು ಲಕಾರ ಳಕಾರ ತಿನ್ನುತ್ತದೆ.

— ಮೋಡೆಮ್ಮಿನ ಮೇಲೆ ಗೂಬೆ ಕೂರಿಸಬೇಡಿ ಚಿಕ್ಕಪ್ಪ. ತಾಳಿ. ಈಗ ಮೋಡೆಮ್ಮನ್ನು ನಡುವಿನಿಂದ ತೆಗೀತೀನಿ. ಮೈಕು, ಕೊಡೆಕ್ಕು, ಕಿವಿ. ಮತ್ತೆ ಹೇಳಿ... ಹೂಂ, ಹಾಗೇ ಕೇಳುತ್ತೆ. ಬಿಟ್ಟು ಒಂದೂ ತಪ್ಪಿಲ್ಲ. ಇದು ಹಿಂಡುವವನ ಕೆಲಸ, ಸಾಗಿಸುವವನದ್ದಲ್ಲ.

— ಹಿಂಡುವಾಗ ಎಂತ ಬಿಡ್ತಾನೆ?

— 40 ಮಿಲಿಸೆಕೆಂಡಿನ ಮಾತಿಗೆ 28 ಬಿಟ್ಟು. ಅದರಲ್ಲಿ 18 ಬಾಯಿಯ ಆಕಾರಕ್ಕೆ, 4 ಜೋರಿಗೆ, 6 ಸ್ವರದ ಎತ್ತರಕ್ಕೆ. ಅಷ್ಟೇ. ಬಾಯಿಯ ಆಕಾರಗಳ ಒಂದು ಪುಸ್ತಕ ಇರುತ್ತೆ; ನೀವು ಆಡಿದ್ದಕ್ಕೆ ಹತ್ತಿರದ ಪುಟದ ನಂಬರ್ ಮಾತ್ರ ಕಳಿಸೋದು. ನಾಲಿಗೆ ಮೇಲಕ್ಕೆ ಮಡಚಿದ ಳಕಾರಕ್ಕೂ ಹಲ್ಲಿನ ಹಿಂದಿನ ಲಕಾರಕ್ಕೂ ಅಂತರ ಸಣ್ಣದು, ಗಳಿಗೆ ಮಾತ್ರ ಇರೋದು. 40 ಮಿಲಿಸೆಕೆಂಡಿನ ಜಾಲರಿಯಲ್ಲಿ ಸೋರಿ ಹೋದರೆ ಆಶ್ಚರ್ಯ ಇಲ್ಲ.

— ಹಾಗಾದರೆ ನಿನ್ನ ಪರೀಕ್ಷೆಯ ಫೈಲಿನಲ್ಲಿ ಯಾವ ಭಾಷೆ ಉಂಟು?

— ...ಇಂಗ್ಲಿಷು.

— ಎಲ್ಲ?

— ಎಲ್ಲ. ನನ್ನ ಕೆಲಸ ಮೋಡೆಮ್ಮಿನದ್ದು, ಅದಕ್ಕೆ ಭಾಷೆ ಇಲ್ಲ ಅಂದುಕೊಂಡಿದ್ದೆ. ಅದು ನಿಜವೂ ಹೌದು. ಆದ್ರೆ ಪೆಟ್ಟಿಗೆ ಅಂತ ಒಟ್ಟಿಗೆ ಕೊಡುವಾಗ ಬಳಸೋರು ‘ಮೋಡೆಮ್ ಚೆನ್ನಾಗಿದೆ, ಕೊಡೆಕ್ ಸರಿ ಇಲ್ಲ’ ಅನ್ನೋದಿಲ್ಲ. ಕೇಳಿಸಲಿಲ್ಲ ಅಂತಾರೆ.

— ನಾನೊಂದು ಪಟ್ಟಿ ಮಾಡಿ ಕೊಡ್ತೇನೆ. ಹಾಲು ಹಾಳು, ಬೆಲೆ ಬೆಳೆ, ಕಲ್ಲು ಕಳ್ಳು, ಅಕ್ಕಿ ಹಕ್ಕಿ, ಬಣ್ಣ ಬನ್ನ. ನಿನ್ನ ಚಿಕ್ಕಮ್ಮನ ಸ್ವರದಲ್ಲೊಮ್ಮೆ, ನನ್ನದರಲ್ಲೊಮ್ಮೆ. ಆಚೆ ಮನೆಯವರಿಗೂ ಹೇಳಿದರೆ ಮರಾಠಿಯ ಳಕಾರವೂ ಸಿಕ್ತದೆ, ಅವರಿಗೂ ಬೇಕಲ್ಲ.

— ಕೊಡಿ. ಆದ್ರೆ ಅದರ ಫಲಿತಾಂಶವನ್ನು ಬೇರೆ ಪುಸ್ತಕದಲ್ಲಿ ಬರೀತೀನಿ. ನನ್ನ ತಪ್ಪಿನ ಎಣಿಕೆಗೆ ಬೆರೆಸಿದರೆ ಎರಡೂ ಹಾಳು. ಳಕಾರದ ಹಾಳು.

ನಡುವೆ ಕರೆಂಟು ಹೋಯಿತು. ಬೋರ್ಡು ಲ್ಯಾಪ್‌ಟಾಪಿನ ಬಲದಲ್ಲಿ ಓಡುತ್ತಲೇ ಇತ್ತು. ಹಿರಿಯರು ಬ್ಯಾಟರಿಯ ರೇಡಿಯೋ ಹಾಕಿ ನಲವತ್ತು ಮೀಟರ್ ಬ್ಯಾಂಡಿನಲ್ಲಿ ತಿರುಗಿಸಿದರು. ಕಟ್ಟಡದಲ್ಲಿ ಕರೆಂಟಿಲ್ಲದಾಗ ಆಕಾಶ ಎಷ್ಟು ಶಾಂತ ಎಂಬುದು ನನಗೆ ಅಂದೇ ಗೊತ್ತಾದದ್ದು.

— ಕೇಳು, ಎಷ್ಟು ಸ್ವಚ್ಛ! ಎಲ್‌ಇಡಿ ಬಲ್ಬು, ಚಾರ್ಜರು, ಲಿಫ್ಟು, ಎಲ್ಲ ಸತ್ತಿವೆ. 2005ರ ಜುಲೈ 26ರ ರಾತ್ರಿ ಹೀಗೇ ಇತ್ತು. ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಅಂತ ಆಮೇಲೆ ಪೇಪರಿನಲ್ಲಿ ಓದಿದ್ದು. ಇಲ್ಲಿ ಉಲ್ಹಾಸ ನದಿ ಏರಿ ಬದಲಾಪುರ, ಕಲ್ಯಾಣ ಎಲ್ಲ ನೀರು. ಫೋನ್ ಇಲ್ಲ, ಗಾಡಿ ಇಲ್ಲ. ನಿನ್ನ ಅಪ್ಪ ಸಯನ್‌ನಿಂದ ನಡೆದು ಮರುದಿನ ಮಧ್ಯಾಹ್ನ ಬಂದ.

— ಅಪ್ಪ ಈಗಲೂ ಹೇಳ್ತಾರೆ. ಅಂಥ ದಿನಕ್ಕೇ ಅಲ್ವಾ ಇದು?

— ಅಲ್ಲಿ ನನ್ನದೊಂದು ತಕರಾರು ಉಂಟು. ಮಾತನ್ನು ಬಿಟ್ಟು ಮಾಡದೆ ಹಾಗೇ ಕಳಿಸುವ ನಮ್ಮ ಎಸ್‌ಎಸ್‌ಬಿ ಸಾಯುವುದು ನಿಧಾನ. ಸ್ವರ ತಗ್ಗುತ್ತದೆ, ಸರಸರ ಹೆಚ್ಚುತ್ತದೆ, ಕಿವಿ ಅದರ ಹಿಂದೆ ಹೋಗ್ತದೆ. ಅರ್ಧ ಶಬ್ದ ಸಿಕ್ಕಿದರೂ ಉಳಿದರ್ಧ ಊಹಿಸಬಹುದು. 2004ರ ಡಿಸೆಂಬರಿನಲ್ಲಿ ಅಂಡಮಾನಿಗೆ ಹ್ಯಾಮ್ ತಂಡ ಹೋಗಿತ್ತಲ್ಲ, ಭಾರತಿ ಪ್ರಸಾದ್ ಅವರದ್ದು, ಪೋರ್ಟ್‌ಬ್ಲೇರ್‌ನಿಂದ. ಹೋದದ್ದು ದೂರದವರ ಜೊತೆ ಮಾತಾಡುವ ಹವ್ಯಾಸಕ್ಕೆ. 26ಕ್ಕೆ ಸುನಾಮಿ ಬಂತು. ಆ ರೇಡಿಯೋಗಳೇ ಮನೆಯವರಿಗೆ ಸುದ್ದಿ ಮುಟ್ಟಿಸಿದ್ದು. ಸೀದಾ ಸಾದಾ ಸೆಟ್ಟು. ನಿನ್ನ ಡಿಜಿಟಲ್ ಹಾಗಲ್ಲ. ಇರುವಷ್ಟು ಹೊತ್ತು ಗಂಟೆಯ ಹಾಗೆ ಸ್ವಚ್ಛ. ಹೋದರೆ ಕರೆಂಟು ಹೋದ ಹಾಗೆ, ಪೂರ್ತಿ.

— ಒಪ್ತೀನಿ. ಅದು ಹೋಗೋ ಜಾಗ ಎಸ್‌ಎಸ್‌ಬಿಗಿಂತ ಕೆಳಗಿದ್ದರೆ ನಮಗೇ ಲಾಭ. ಆದ್ರೆ ನನ್ನ ಕೋಡು ಅದನ್ನು ಮೇಲಕ್ಕೆ ಎಳೆದುಬಿಟ್ಟರೆ ಲಾಭ ಇಲ್ಲ, ನಷ್ಟ. ಇಲ್ಲಿಗೆ ಬಂದದ್ದು ಅದಕ್ಕೇ. ತಪ್ಪು ತಿದ್ದೋ ಭಾಗ ಇದೆಯಲ್ಲ, ಎಲ್‌ಡಿಪಿಸಿ. 224 ಬಿಟ್ಟು ಒಂದರ ಜೊತೆ ಒಂದು ಲೆಕ್ಕದಲ್ಲಿ ಕಟ್ಟಿಕೊಂಡಿರುತ್ತೆ. ಸೊಸೈಟಿಯ ಭಿಶಿ ಚೀಟಿಯ ಲೆಕ್ಕದಲ್ಲಿ ಒಬ್ಬರ ಹೆಸರು ನಾಲ್ಕು ಮೊತ್ತದಲ್ಲಿ ಬರೋ ಹಾಗೆ. ಮೊತ್ತ ತಾಳೆಯಾಗದಿದ್ದರೆ ಎಲ್ಲರನ್ನೂ ಮತ್ತೆ ಕೇಳ್ಕೊಂಡು ಬರಬೇಕು, ನೀನು ಎಷ್ಟು ಖಾತ್ರಿ, ನೀನು ಎಷ್ಟು ಖಾತ್ರಿ ಅಂತ. ಸಿಗ್ನಲ್ ಸ್ವಚ್ಛ ಇದ್ದರೆ ಒಂದೆರಡು ಸುತ್ತಿನಲ್ಲಿ ತಾಳೆ. ಕೆಟ್ಟಿದ್ದರೆ ಸುತ್ತು ಮೇಲೆ ಸುತ್ತು. ಗೊತ್ತಾಯ್ತಾ? ಸಿಗ್ನಲ್ ಕೆಟ್ಟಷ್ಟೂ ಕೆಲಸ ಜಾಸ್ತಿ. ನಾನು ಸ್ವಚ್ಛ ಫೈಲಿನಲ್ಲಿ ಸಮಯ ಅಳೆದು, ಸಾಕಷ್ಟು ಬಿಡುವಿದೆ ಅಂತ ಬೀಗಿದ್ದೆ. ಬಿಡುವು ಬೇಕಾದ ದಿನವೇ ಅದು ಇರೋದಿಲ್ಲ.

— ಕರಾರು ಮಾಡಿಬಿಡು. ಇಷ್ಟು ಸುತ್ತು ಕೇಳ್ತೇನೆ, ಆಮೇಲೆ ಬಿಟ್ಟೆ ಅಂತ.

— ಮಾಡಿದೆ. ಅದು ಕೂಡ ಸ್ಟೇಶನ್ ಬಿಟ್ಟ ಹಾಗೆ ತಾನೇ? ಇನ್ನೂ ನಾಲ್ಕು ಸುತ್ತು ಕೇಳಿದ್ದರೆ ಬದುಕ್ತಿದ್ದ ಫ್ರೇಮು, ಅಂದ್ರೆ ರಂಗೋಲಿ, ಎಷ್ಟು ಸತ್ತವು? ಅದನ್ನು ನೋಡೋದಕ್ಕೆ ಅದೇ ಮಿತಿಯನ್ನು ಲ್ಯಾಪ್‌ಟಾಪಿನ ಕೋಡಿಗೂ ಹಾಕಿ, ಹಾಕದೆ, ಎರಡೂ ಥರ ಓಡಿಸಿದೆ. ಪುಸ್ತಕದ ಗದ್ದಲದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು.

— ಪುಸ್ತಕದ ಗದ್ದಲ ಅಂದರೆ?

— ಸಮನಾಗಿ ಸುರಿಯೋ ಗದ್ದಲ. ಮಳೆ ತಗಡಿನ ಮೇಲೆ ಬಿದ್ದ ಹಾಗೆ, ಒಂದೇ ಸಮ. ಕಂಪ್ಯೂಟರಿನಲ್ಲಿ ಹುಟ್ಟಿಸೋದು ಅದನ್ನೇ. ಪ್ರತಿ ಬಿಟ್ಟು ಎಷ್ಟು ಖಾತ್ರಿ ಅಂತ ಡಿಕೋಡರ್ ಲೆಕ್ಕ ಹಾಕೋದೂ ಗದ್ದಲ ಹಾಗೇ ಇದೆ ಅಂತ ನಂಬಿ.

— ಡೊಂಬಿವಲಿಯ ಗದ್ದಲ ಹಾಗಿಲ್ಲ. ಇಲ್ಲಿ ಕುಟ್ಟುವ ಗದ್ದಲ. ಮಳೆಯಲ್ಲಿ ಲೋಕಲ್ಲಿನ ಪ್ಯಾಂಟೋಗ್ರಾಫ್ ಕಿಡಿ ಹಾರಿಸಿದರೆ ಚಟ್ ಅಂತದೆ. ಲಿಫ್ಟು ಹೊರಟರೆ ಗುರ್ರ್, ನಿಂತರೆ ಟಕ್. ಕೆಳಗಿನ ಮನೆಯ ಟ್ಯೂಬ್‌ಲೈಟು ಬೇರೆ.

— ಅದಕ್ಕೇ ಬಂದದ್ದು! ಒಂದು ಚಟ್ ಬಂದರೆ ಆ 20 ಮಿಲಿಸೆಕೆಂಡಿನ ಹದಿನೇಳೂ ಚುಕ್ಕಿ ಒಟ್ಟಿಗೆ ಹಾಳು. ಹಾಳಾದ ಚುಕ್ಕಿಗಳೇ ‘ನಾವು ಬಹಳ ಖಾತ್ರಿ’ ಅಂತ ಜೋರಾಗಿ ಸುಳ್ಳು ಹೇಳ್ತವೆ. ಡಿಕೋಡರ್ ನಂಬಿ ಸುತ್ತುತ್ತೆ. ನಿಮ್ಮ ರೇಡಿಯೋದಿಂದ ಬರೋ ಗದ್ದಲ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳಬೇಕು. ಸಿಗ್ನಲ್ ಬೇಡ, ಬರೀ ಗದ್ದಲ. ಅದನ್ನು ನನ್ನ ಸ್ವರಗಳಿಗೆ ಬೆರೆಸಿ ಬೋರ್ಡಿಗೆ ಕೊಡ್ತೀನಿ. ಗಾಳಿಗೆ ಏನೂ ಬಿಡೋದಿಲ್ಲ, ತಂತಿಯಿಂದ ತಂತಿಗೆ. ಫೈಲಿನಲ್ಲಿದ್ದರೆ ನಾಳೆಯೂ ಅದೇ ಚಟ್ ಅದೇ ಜಾಗದಲ್ಲಿ ಸಿಗುತ್ತೆ. ಕೋಡು ಬದಲಾಯಿಸಿ ಮತ್ತೆ ಹೋಲಿಸಬಹುದು.

— ನಲವತ್ತು ವರ್ಷ ಈ ಗದ್ದಲ ತೆಗೆಯಲಿಕ್ಕೆ ಫಿಲ್ಟರ್ ಸುತ್ತಿದೆ. ಅದನ್ನೇ ಬೇಕು ಅಂತ ಯಾರೂ ಕೇಳಿದ್ದಿಲ್ಲ. ಈಗ ಇದಕ್ಕೂ ಎಐ ಬಂದಿದೆ ಅಂತ ಕೇಳಿದೆ, ನಿಜವಾ?

— ಬಂದಿದೆ. 2024ರಲ್ಲಿ ರೇಡಿಯೋ ಆಟೋಎನ್‌ಕೋಡರ್ ಅಂತ ಅದೇ ಫ್ರೀಡಿವಿಯವರೇ ಶುರು ಮಾಡಿದರು. ಕಲಿಸಿದ ನ್ಯೂರಲ್ ಜಾಲ, ಧ್ವನಿ ಇದಕ್ಕಿಂತ ಎಷ್ಟೋ ಚೆಂದ. ಆದ್ರೆ ಅದು ಕೇಳೋ ಗಣಿತಕ್ಕೆ ಈ ಬಿಸ್ಕಿಟ್ ಸಾಲದು. ಬ್ಯಾಟರಿಯಲ್ಲಿ ಓಡೋ ಡಬ್ಬಿಗೆ ಇದರ ಕಾಲ ಮುಗಿದಿಲ್ಲ.

ಕರೆಂಟು ಬಂತು. ರೇಡಿಯೋದ ಶಾಂತಿ ಮುರಿದು ಗುರುಗುಟ್ಟತೊಡಗಿತು. ಹಿರಿಯರ ಮುಖ ಸಣ್ಣದಾಯಿತು, ಹುಡುಗಿಯದು ಅರಳಿತು. ಅರ್ಧ ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ. ಒಗ್ಗರಣೆಯ ವಾಸನೆ ಬಂತು, ಒಂದು ಫಾಸ್ಟ್ ಹೋಯಿತು, ಎರಡು ಸ್ಲೋ ಹೋದವು. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲುಸಾಲು ಅಂಕಿ.

— ಎಂತ ಹೇಳ್ತದೆ?

— ಹೆಚ್ಚಿನ ಫ್ರೇಮುಗಳು ಹೊತ್ತಿಗೆ ಸರಿಯಾಗಿ ಮುಗಿದಿವೆ. ಇಲ್ಲೊಂದು ಗುಂಪು ನೋಡಿ, ಸಾಲಾಗಿ ನಾಲ್ಕು. 160 ದಾಟಿವೆ. ಸುತ್ತಿನ ಮಿತಿ ಮುಟ್ಟಿಲ್ಲ, ಆದರೂ ತಡ. ಅಂದ್ರೆ ತಡ ಎಲ್‌ಡಿಪಿಸಿಯಿಂದ ಅಲ್ಲ... ಓ. ಸಿಂಕ್ ತಪ್ಪಿದೆ. ರಂಗೋಲಿ ಎಲ್ಲಿ ಶುರು ಅಂತಲೇ ಮರೆತು ಮತ್ತೆ ಹುಡುಕೋಕೆ ಹೋಗಿದೆ. ಆ ಹುಡುಕಾಟ ದುಬಾರಿ, ಅದನ್ನು ನಾನು ಈ ಸ್ಥಿತಿಯಲ್ಲಿ ಅಳೆದೇ ಇರಲಿಲ್ಲ.

— ರೆಕಾರ್ಡಿನಲ್ಲಿ ಆ ಹೊತ್ತಿಗೆ ಎಂತ ಉಂಟು, ಕೇಳಿಸು.

— ಇದು. ಗುರ್ರ್... ಟಕ್.

— ಲಿಫ್ಟು. ಎರಡನೇ ಮಹಡಿಯಲ್ಲಿ ನಿಂತದ್ದು. ಅವರ ಮನೆಗೆ ಹಬ್ಬದ ನೆಂಟರು ಬರುವವರಿದ್ದರು. ಇನ್ನೊಂದು ಸಲ ಓಡಿಸುವಾಗ ಕೆಳಗೆ ಹೋಗಿ ಲಿಫ್ಟು ಬಳಸಬೇಡಿ ಅಂತ ಹೇಳಿ ಬರ್ಲಾ?

— ಬೇಡ ಬೇಡ. ಈಗ ನೇರ ರೇಡಿಯೋದಿಂದಲೇ ಗದ್ದಲ ತಗೊಂಡು ಒಂದು ಸಲ ನೋಡೋಣ. ನಿಲ್ಲುವಾಗ ಮಾತ್ರ ಹೀಗಾ, ಹೊರಡುವಾಗಲೂ ಆಗುತ್ತಾ ಅಂತ. ಎಲ್ಲ ಮಹಡಿಯಲ್ಲೂ ನಿಲ್ಲಬೇಕು.

— ಹಾಗಾದರೆ ತಡಿ.

ಹಿರಿಯರು ಚಪ್ಪಲಿ ಹುಡುಕಿ ಹೊರಟರು. ಬಾಗಿಲಲ್ಲಿ ಒಮ್ಮೆ ತಿರುಗಿ, ಮೊದಲು ಮೇಲೆ ಹೋಗಬೇಕೋ ಕೆಳಗೋ ಎಂದು ಕೇಳಿದರು. ಅವಳು ಪರದೆಯಿಂದ ಕಣ್ಣು ತೆಗೆಯದೆ ಕೈಯಲ್ಲೇ ಮೇಲೆ ಎಂದು ತೋರಿಸಿದಳು. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಗುರ್ರ್ ಎಂದಿತು.